ಬಾಳವ್ವ ಹನ್ನೊಂದು ದಿನ ಹಾಡಲಿಲ್ಲ

ಹೊಳೆಯ ದಂಡೆಯ ಆ ಮಠದಲ್ಲಿ ಐದು ಕಂಪ್ಯೂಟರ್ ಇದ್ದವು ಅಂದರೆ ನಗಬೇಡಿ. ಈಗ ಮಠಕ್ಕೂ ಪತ್ರ ಬರುತ್ತವೆ, ಮಠದಲ್ಲೂ ಪುಸ್ತಕ ಅಚ್ಚಾಗುತ್ತವೆ, ಮಠದ ದವಾಖಾನೆಯಲ್ಲೂ ರೋಗಿಗಳ ಹೆಸರು ಬರೆದಿಡಬೇಕಾಗುತ್ತದೆ.

ಆ ಐದನ್ನೂ ನೋಡಿಕೊಳ್ಳುತ್ತಿದ್ದವನು ಅಡಿವೆಯ್ಯ ಎಂಬ ಶಿಷ್ಯ. ಇಪ್ಪತ್ತಾರು ವರ್ಷ. ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು, ಅವನೂ ಹಾಗೆಯೇ ಕರೆಯುತ್ತಿದ್ದ.

ಒಂದು ಭಾನುವಾರ ಎಲ್ಲರೂ ಪ್ರವಚನಕ್ಕೆ ಕೂತಿದ್ದಾಗ ಅಡಿವೆಯ್ಯ ಐದೂ ಕಂಪ್ಯೂಟರಿಗೆ ಹೊಸ ರೂಪ ಹಾಕಿದ. ಅವುಗಳನ್ನು ನಡೆಸುವ ತಂತ್ರಾಂಶ ಮಾಡಿದವರು ಅದರ ವೇಷವನ್ನೇ ಬದಲಿಸಿ ಕಳಿಸಿದ್ದರು.

ಪರದೆಯ ಮೇಲಿನದೆಲ್ಲ ಈಗ ಗಾಜಿನ ಹಾಗೆ. ಒಂದರ ಹಿಂದೆ ಇನ್ನೊಂದು ಕಾಣುತ್ತದೆ. ಮೂಲೆಗಳು ದುಂಡಗಾಗಿದ್ದವು, ಬಣ್ಣಗಳು ತೆಳ್ಳಗಾಗಿದ್ದವು. ಎಡಕ್ಕಿದ್ದದ್ದು ನಡುವಿಗೆ ಬಂದಿತ್ತು, ಕೆಳಗಿದ್ದದ್ದು ಮೇಲೆ ಹತ್ತಿತ್ತು.

ಅಡಿವೆಯ್ಯನಿಗೆ ಅದು ಬಹಳ ಚಂದ ಕಂಡಿತು. ಯಾರನ್ನೂ ಕೇಳಲಿಲ್ಲ. ಒಳ್ಳೆಯದು ಮಾಡುವಾಗ ಕೇಳುವುದೇನಿದೆ ಅಂದುಕೊಂಡ. ನಾಲ್ಕು ಜನ ಭೇಷ್ ಅನ್ನಲಿ ಎಂಬ ಆಸೆಯೂ ಒಳಗೆ ಸಣ್ಣಗೆ ಇತ್ತು.

ಸೋಮವಾರ ಮಠ ಎರಡು ಪಕ್ಷವಾಯಿತು.

ಗ್ರಂಥಾಲಯದ ಮಹಾನಂದಾ ಬಂದು, "ಕಣ್ಣಿಗೆ ಎಷ್ಟು ತಂಪಾತೋ ಅಡಿವೆಯ್ಯ! ಹೊಸ ಮನಿಗೆ ಬಂದಂಗಾತು" ಅಂದಳು.

ಕಚೇರಿಯ ದುಂಡಪ್ಪ ಬಂದು, "ಅಕ್ಷರ ನೀರಾಗ ಬಿದ್ದಂಗ ಕಾಣತಾವು. ನಿನಗ ಬ್ಯಾರೆ ಉದ್ಯೋಗ ಇದ್ದಿಲ್ಲೇನು?" ಅಂದ. ಮರುದಿನವೂ ಬಂದು ಅದನ್ನೇ ಅಂದ. ಅದರ ಮರುದಿನವೂ.

ಅಡಿವೆಯ್ಯ ಒಂದು ಹಾಳೆ ತೆಗೆದುಕೊಂಡು ನಡುವೆ ಗೀಟು ಎಳೆದ. ಒಂದು ಕಡೆ ಹೊಗಳಿದವರ ಹೆಸರು ಬರೆದ, ಇನ್ನೊಂದು ಕಡೆ ಬೈದವರದು. ಹೊಗಳಿಕೆ ಬಂದ ದಿನ ಊಟ ರುಚಿಸುತ್ತಿತ್ತು. ಬೈಗುಳ ಬಂದ ದಿನ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹನ್ನೊಂದನೆಯ ದಿನ ಹಾಳೆ ಹಿಡಿದುಕೊಂಡು ಅಜ್ಜಾರ ಬಳಿ ಹೋದ. ಅವರು ಮೊರದಲ್ಲಿ ಅಲಸಂದಿ ಕಾಳು ಹಾಕಿಕೊಂಡು ಹಸನು ಮಾಡುತ್ತಿದ್ದರು.

"ಅಜ್ಜಾರ, ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರ. ಪರರೊಳಗ ಯಾರ ಇಚ್ಛೆ ಹಿಡೀಬೇಕ್ರಿ? ಹತ್ತು ಮಂದಿ ಚಂದ ಅಂತಾರ. ಒಂಬತ್ತು ಮಂದಿ ಬೈತಾರ."

"ಹತ್ತು ಅಂದ್ರ ನಿನ್ನೂ ಹಿಡಿದೋ, ನಿನ್ನ ಬಿಟ್ಟೋ?"

ಅಡಿವೆಯ್ಯನ ಕಿವಿ ಕೆಂಪಾದವು. "ನನ್ನೂ ಹಿಡಿದ್ರಿ."

ಅಜ್ಜಾರು ನಕ್ಕರು. ಒಂದು ಹುಳುಕು ಕಾಳು ಆರಿಸಿ ಪಕ್ಕಕ್ಕಿಟ್ಟರು.

"ಮಠದಾಗ ಕಂಪ್ಯೂಟರ್ ಮುಟ್ಟವರು ಎಷ್ಟು ಮಂದಿ?"

"ಇಪ್ಪತ್ತು ಮಂದ್ರಿ."

"ನಿನ್ನ ಹಾಳ್ಯಾಗ ಹತ್ತೊಂಬತ್ತು ಅದಾರ."

"ಒಬ್ಬಾಕಿ ಚಲೋ ಅನ್ನಲಿಲ್ಲ, ಕೆಟ್ಟ ಅನ್ನಲಿಲ್ಲ. ಬಾಳವ್ವ ಆಯಿ."

"ಯಾಕ?"

"ಅಕಿಗೆ ಹೊಂದಿಕೊಂಡಿರಬೇಕ್ರಿ."

"ಕೇಳಿದೇನು?"

ಅಡಿವೆಯ್ಯ ಹಾಳೆ ಮಡಿಚಿದ. ಅಜ್ಜಾರು ಮೊರವನ್ನು ಒಮ್ಮೆ ಕೇರಿದರು.

"ಹೋಗಿ ಕೇಳಿ ಬಾ."

ಬಾಳವ್ವನಿಗೆ ಎಪ್ಪತ್ತೆರಡು ವರ್ಷ. ಅಕ್ಷರ ಬಾರದು. ಆದರೆ ಬೀಸುವ ಹಾಡುಗಳು ನಾನೂರರ ಮೇಲೆ ಬರುತ್ತಿದ್ದವು. ತಾಯಿಯಿಂದ ಕಲಿತವು ಅರ್ಧ, ಅತ್ತೆಯಿಂದ ಕಲಿತವು ಅರ್ಧ. ಅವುಗಳಲ್ಲಿ ಎಷ್ಟೋ ಹಾಡು ಈಗ ಅವಳ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅವುಗಳನ್ನು ಉಳಿಸಬೇಕೆಂದು ಅಜ್ಜಾರಿಗೆ ಆಸೆ. ತೊಡಕು ಒಂದೇ. ಬಾಳವ್ವ ಬೀಸುಕಲ್ಲಿನ ಮುಂದೆ ಒಬ್ಬಳೇ ಕೂತು ಹಾಡಿದವಳು, ಯಾರೆದುರಿಗೂ ಹಾಡಿದವಳಲ್ಲ. ಮುಂದೆ ಒಬ್ಬರು ಕೂತರೆ ಅವಳ ಗಂಟಲು ಕಟ್ಟುತ್ತಿತ್ತು.

ಅದಕ್ಕೆ ಅಜ್ಜಾರು ಹಳೆಯ ಉಗ್ರಾಣದ ಕೋಣೆಯಲ್ಲಿ ಬೀಸುಕಲ್ಲಿನ ಪಕ್ಕಕ್ಕೇ ದನಿ ಹಿಡಿದಿಡುವ ಒಂದು ಕಂಪ್ಯೂಟರ್ ಇಡಿಸಿದರು. ಹುಡುಗರ ಕೈಯಲ್ಲಿ ಕಲಿಯಲು ಅವಳು ನಾಚಿದಾಗ ಅವಳ ಜೊತೆಗೆ ತಾವೂ ಕೂತು ಕಲಿತರು. ಎಡಗಡೆ ಮೂಲೆ, ಮೂರನೆಯ ಚಿತ್ರ, ಕೆಂಪು ದುಂಡಗಿನದು. ಒತ್ತಿದರೆ ಸಣ್ಣ ಸಪ್ಪಳ ಬರುತ್ತದೆ, ಆಮೇಲೆ ಹಾಡುವುದು.

ಎರಡು ವರ್ಷದಿಂದ ಅವಳು ದಿನಾ ಮುಂಜಾನೆ ಆ ಹಾಡಿನ ಕೋಣೆಯ ಬಾಗಿಲು ಮುಚ್ಚಿಕೊಂಡು, ಒಂದು ಕೈ ಬೀಸುಕಲ್ಲಿನ ಗೂಟದ ಮೇಲಿಟ್ಟು, ಒಂದು ಹಾಡು ಹಾಡಿ ಎದ್ದು ಬರುತ್ತಿದ್ದಳು.

ಅಡಿವೆಯ್ಯ ಹೋದಾಗ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಂದು ಗಂಟು. ಎರಡು ಸೀರೆ, ಒಂದು ಹಣಿಗೆ, ಒಂದು ಕೌದಿ.

"ಎಲ್ಲಿಗೆ ಆಯಿ?"

"ತಂಗಿ ಮಗಳ ಊರಿಗೆ. ಅಜ್ಜಾರಿಗೆ ಈಗ ಹೇಳಬ್ಯಾಡ ತಮ್ಮಾ. ನಾ ಹೋದಮ್ಯಾಲೆ ಹೇಳು."

"ಯಾಕ? ಯಾರರೆ ಏನರೆ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ನನ್ನ ತಲಿ ಹೋಗೇತಿ." ಅವಳು ನಗಲು ನೋಡಿದಳು. "ಅರವತ್ತಕ್ಕ ಅರಳು ಮರಳು ಅಂತಾರ. ನನಗ ಹನ್ನೆರಡು ವರ್ಷ ತಡಾಗಿ ಬಂತು."

ಅಡಿವೆಯ್ಯನಿಗೆ ಅರ್ಥವಾಗಲಿಲ್ಲ. ಅವಳ ಪಕ್ಕದಲ್ಲಿ ಕೂತ.

"ದಿನಾ ಹೋಗಿ ಕುಂಡರತೀನಿ ತಮ್ಮಾ. ಕೆಂಪಂದು ಎಲ್ಲಿತ್ತು ಅನ್ನೋದ ನೆನಪಾಗವಲ್ದು. ಎಡಕ್ಕಿತ್ತು ಅಂತ ಅನಸತೈತಿ. ನೋಡಿದ್ರ ಅಲ್ಲಿಲ್ಲ. ಇಲ್ಲ ಅಂದಮ್ಯಾಲೆ ಅಲ್ಲಿ ಇರಲೇ ಇಲ್ಲ ಅಂತ ಆತಲ್ಲ."

ಅಡಿವೆಯ್ಯ ಹಾಡಿನ ಕೋಣೆಯ ಕಡೆ ತಿರುಗಿ ನೋಡಿದ.

"ಈಗ ಹಾಡೂ ಹೊಂಟಾವು. 'ಕಲ್ಲ ಕೊಟ್ಟಾಕಿ ತಾಯಿ, ಕಾಳ ಕೊಟ್ಟಾಕಿ ಅತ್ತಿ' ಅನ್ನೂತನ ಬರತೈತಿ. ಮುಂದಿನ ಸಾಲು ಬರವಲ್ದು. ಸಣ್ಣಾಕಿದ್ದಾಗಿಂದ ಹಾಡಿದ ಹಾಡು. ಹಾಡೋದ ನನ್ನ ಕಾಯಕ ಆಗಿತ್ತು. ಕಾಯಕ ಇಲ್ಲದಾಕಿ ದಾಸೋಹದ ರೊಟ್ಟಿ ಹೆಂಗ ತಿನ್ನಲಿ? ಹನ್ನೊಂದು ದಿನದಿಂದ ಅರ್ಧಾನ ತಿನ್ನಾಕ ಹತ್ತೀನಿ. ಅದೂ ಇಳೀವಲ್ದು."

"ಆಯಿ, ನಿನ್ನ ತಲಿ ನೆಟ್ಟಗೈತಿ! ಬದಲ ಆಗಿದ್ದು ಕಂಪ್ಯೂಟರ್. ನಾನ ಬದಲ ಮಾಡೇನಿ."

ಬಾಳವ್ವ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು.

"ಎಷ್ಟು ಚಲೋ ಹುಡುಗ! ನನ್ನ ಸಮಾಧಾನಕ್ಕ ತಪ್ಪು ತನ್ನ ಮ್ಯಾಲೆ ಹಾಕ್ಕೋತಾನ."

"ಖರೇ ಹೇಳತೀನಿ ಆಯಿ."

"ಬದಲ ಆಗಿದ್ರ ಎಲ್ಲಾರೂ ಎಡವತಿದ್ರಪ್ಪ. ಮಹಾನಂದಾನ ನೋಡು, ಪಟಪಟ ಒತ್ತತಾಳ."

ಅಡಿವೆಯ್ಯ ಅವಳ ಕೈ ಹಿಡಿದು ಹಾಡಿನ ಕೋಣೆಗೆ ಕರೆದುಕೊಂಡು ಹೋದ. ಕಂಪ್ಯೂಟರ್ ಹಚ್ಚಿದ. ಅವನ ಬೆರಳು ಎಂದಿನಂತೆ ಹಾರಿತು.

"ಇಲ್ಲಿ ನೋಡು, ಇದ!"

ಬಾಳವ್ವ ಪರದೆ ನೋಡಲಿಲ್ಲ. ಅವನ ಮುಖ ನೋಡಿದಳು.

"ನೋಡಿದ್ಯಾ? ನಿನಗ ಒಂದ ಕ್ಷಣಕ್ಕ ಸಿಕ್ಕತು."

ಅಷ್ಟು ಹೇಳಿ ಸೆರಗಿನಿಂದ ಬೀಸುಕಲ್ಲಿನ ಮೇಲಿನ ಧೂಳು ಒರೆಸತೊಡಗಿದಳು. ಹೋಗುವ ಮೊದಲು ಚೊಕ್ಕಟ ಮಾಡಿಟ್ಟು ಹೋಗುವವರ ಹಾಗೆ.

ಅಡಿವೆಯ್ಯ ಅಜ್ಜಾರ ಬಳಿ ಓಡಿ ಬಂದಾಗ ಅವನ ಕಣ್ಣು ತುಂಬಿದ್ದವು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹತ್ತೊಂಬತ್ತು ಹೆಸರು ಬರೆದುಕೊಂಡು ತಿರುಗಿದವನು ಅವಳ ಕೋಣೆಗೆ ಒಮ್ಮೆಯಾದರೂ ಇಣುಕಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದ.

"ನಾನ ಮಾಡೇನಿ ಅಂದ್ರ ನಂಬವಲ್ಲಳ್ರಿ ಅಜ್ಜಾರ. ಹಳೇದನ್ನ ವಾಪಸ್ ಹಾಕೋಣ ಅಂದ್ರ ಅದಕ್ಕೂ ದಾರಿ ಇಲ್ಲ."

"ವಾಪಸ್ ಹಾಕಿದ್ರ ಇನ್ನೊಮ್ಮೆ ತಲಿ ಹೋತು ಅನ್ಕೋತಾಳ."

"ಮತ್ತೇನು ಮಾಡಲಿ?"

"ಎಲ್ಲೈತಿ ಅಂತ ತೋರಿಸಿದ್ಯೇನು?"

"ತೋರಿಸಿದ್ನಿರಿ."

"ಎಷ್ಟೊತ್ತು ಹಿಡೀತು?"

"ಒಂದ ಕ್ಷಣ."

ಅಜ್ಜಾರು "ಹ್ಞೂಂ" ಅಂದರು. ಮೊರ ಬದಿಗಿಟ್ಟು, ಮೊಣಕಾಲ ಮೇಲೆ ಕೈಯೂರಿ ಎದ್ದರು.

ಹಾಡಿನ ಕೋಣೆಯಲ್ಲಿ ಬಾಳವ್ವ ಇನ್ನೂ ಕಲ್ಲು ಒರೆಸುತ್ತಿದ್ದಳು. ಅಜ್ಜಾರನ್ನು ನೋಡಿ ಗಡಬಡಿಸಿ ಸೆರಗು ಸರಿಮಾಡಿಕೊಂಡಳು. ಅಜ್ಜಾರು ಗಂಟಿನ ಮಾತು ಎತ್ತಲಿಲ್ಲ. ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕೂತರು.

"ಯವ್ವಾ, ನನ್ನ ದನಿ ಒಮ್ಮೆ ಹಿಡಿದು ಕೇಳಬೇಕು ಅನಸೇತಿ. ನೋಡೋಣ, ಕಲಿತದ್ದು ನೆನಪೈತೋ ಇಲ್ಲೋ."

ಅವರು ಎಡಕ್ಕೆ ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಒತ್ತಿದರು. ದಿನದರ್ಶಿಕೆ ತೆರೆಯಿತು. ಅದನ್ನು ಮುಚ್ಚಲು ಹೋದರೆ ಊರಿನ ಹವಾಮಾನ ಬಂತು.

"ಇದೇನವ್ವಾ! ಇಲ್ಲೇ ಇತ್ತಲ್ಲ? ಎಡಗಡೆ ಮೂಲ್ಯಾಗ."

ಬಾಳವ್ವನ ಕೈ ಕಲ್ಲಿನ ಮೇಲೆ ನಿಂತಿತು.

"ಎಡಕ್ಕ ಇತ್ತೇನ್ರಿ ಅಜ್ಜಾರ?"

"ಎಡಕ್ಕ ಇತ್ತು."

"ಮೂರನೇದು?"

"ಮೂರನೇದು. ಕೆಂಪಂದು, ದುಂಡಗ. ಇಬ್ಬರೂ ಕೂಡೇ ಕಲತೇವಲ್ಲ."

ಬಾಳವ್ವ ಕಲ್ಲಿನ ಮೇಲಿನ ಕೈ ತೆಗೆದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹನ್ನೊಂದು ದಿನದ ಅಳು ಅದು.

"ಹಂಗಾರ ಇತ್ತು" ಅಂದಳು. "ಅಲ್ಲೇ ಇತ್ತು."

"ಇತ್ತು. ಈಗ ಎಲ್ಲಿ ಹೋಗಿ ಕುಂತೈತೋ ನನಗೂ ತಿಳೀವಲ್ದು. ಹಿಡಿ ನೋಡೋಣ ನೀನು."

ಬಾಳವ್ವ ಕಣ್ಣೊರೆಸಿಕೊಂಡು ಪಕ್ಕಕ್ಕೆ ಬಂದು ಕೂತಳು. ಇಬ್ಬರೂ ಹುಡುಕತೊಡಗಿದರು. ಒಂದು ಒತ್ತಿದರೆ ಯಾವುದೋ ಬೆಟ್ಟದ ಚಿತ್ರ ಬಂತು. ಇನ್ನೊಂದು ಒತ್ತಿದರೆ ಪರದೆಯೇ ಕಪ್ಪಾಗಿ ಇಬ್ಬರೂ ಬೆಚ್ಚಿಬಿದ್ದರು.

ಬಾಗಿಲಲ್ಲಿ ನಿಂತಿದ್ದ ಅಡಿವೆಯ್ಯನ ಬೆರಳು ತುರಿಸುತ್ತಿದ್ದವು. ಮೇಲೆ, ನಡುವೆ, ಎಂದು ಹೇಳಲು ಬಾಯಿ ತೆರೆದ. ಅಜ್ಜಾರು ತಿರುಗಿ ನೋಡದೆಯೇ ಬೆನ್ನ ಹಿಂದೆ ಅಂಗೈ ಎತ್ತಿದರು. ಅಡಿವೆಯ್ಯ ಬಾಯಿ ಮುಚ್ಚಿಕೊಂಡ.

"ಅದನ್ನ ಒತ್ತಬ್ಯಾಡ್ರಿ ಅಜ್ಜಾರ, ಆಗಲೇ ಎರಡು ಸಲ ಒತ್ತೀರಿ."

"ಹೌದೇನು?"

"ಮರೆವು ಬಂತೇನ್ರಿ ನಿಮಗ!" ಬಾಳವ್ವ ಗದರಿದಳು. ಗದರಿದ ಮೇಲೆ ತಾನೇ ನಕ್ಕಳು. ಅಡಿವೆಯ್ಯ ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಅರ್ಧ ತಾಸು ಕಳೆಯಿತು. ಹೊರಗೆ ದಾಸೋಹದ ಗಂಟೆ ಆಯಿತು. ಇಬ್ಬರೂ ಏಳಲಿಲ್ಲ.

ಕೊನೆಗೆ ಬಾಳವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಮೇಲೆ, ನಟ್ಟನಡುವೆ, ಒಂದು ತೆಳು ಗಾಜಿನ ಬಿಲ್ಲೆ. ಅದರೊಳಗೆ ಸಾಸಿವೆಯಷ್ಟು ಕೆಂಪು.

"ಇದ್ಯಾರ್ರಿ ಇಲ್ಲಿ?"

ಒತ್ತಿದಳು. ಸಣ್ಣ ಸಪ್ಪಳ ಬಂತು.

"ಹಾಂ! ಇಲ್ಲಿ ಬಂದು ಅಡಗಿಯೇನ ಕಳ್ಳಾ!" ಎಂದು ಪರದೆಗೇ ಬೈದಳು. ಇನ್ನೊಮ್ಮೆ ಒತ್ತಿ ನಿಲ್ಲಿಸಿದಳು. ಮತ್ತೊಮ್ಮೆ ಹಚ್ಚಿದಳು. ಎಂಟು ಸಲ ಹಾಗೆ ಮಾಡಿದಳು.

ಅಜ್ಜಾರು, "ಸಿಕ್ಕತಲ್ಲ, ಇನ್ನ ನನ್ನ ದನಿ..." ಅನ್ನುವಷ್ಟರಲ್ಲಿ ಅವಳು ಕೈಯಾಡಿಸಿದಳು.

"ನಿಮ್ಮದು ನಾಳೆ ನೋಡೋಣಂತ. ಈಗ ಏಳ್ರಿ. ನೀನೂ ಹೋಗೋ ತಮ್ಮಾ. ಸಾಲು ಬಾಯಿಗೆ ಬಂದೈತಿ. ನಿಮ್ಮ ಮುಂದ ಹಾಡಂಗಿಲ್ಲ ನಾ."

ಬಾಗಿಲು ಮುಚ್ಚಿತು. ಗುರುಶಿಷ್ಯರು ಇಬ್ಬರೂ ಹೊರಗಾದರು.

ಕಿವಿಗೊಟ್ಟು ನಿಲ್ಲಬೇಕೆಂದು ಅಡಿವೆಯ್ಯನಿಗೆ ಆಸೆಯಾಯಿತು. ಅಜ್ಜಾರು ಅವನ ತೋಳು ಹಿಡಿದು ಹೊಳೆಯ ಕಡೆ ನಡೆಸಿದರು. ಮೆಟ್ಟಿಲ ಮೇಲೆ ಕೂತು ಕಾಲು ನೀರಿಗೆ ಬಿಟ್ಟರು.

ಅಡಿವೆಯ್ಯನೂ ಪಕ್ಕದಲ್ಲಿ ಕೂತ.

"ಅಜ್ಜಾರ."

"ಹ್ಞಾಂ."

"ಒಂದು ಮಾತು ಕೇಳಲ್ರೀ?"

"ಕೇಳು."

"ನಿಮಗ ಖರೇನ ಸಿಗಲಿಲ್ಲೇನ್ರಿ?"

ಅಜ್ಜಾರು ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡು ಮುಖ ತೊಳೆದುಕೊಂಡರು.

"ಅದು ಸಿಕ್ಕವರು ಮಠದಾಗ ಭಾಳ ಮಂದಿ ಇದ್ರು, ತಮ್ಮಾ. ಅಕಿ ಜೋಡಿ ಕುಂತು ಹುಡುಕವರು ಒಬ್ಬರೂ ಇರಲಿಲ್ಲ."