ಎರೆದ ಮೇಲೂ ಮಲಗದ ಕೂಸು

ಬಾ ಇಲ್ಲಿ, ಕಾಲು ಚಾಚಿಕೊಂಡು ಮಲಕ್ಕೋ. ಆ ಮಂಕರಿ ಮೇಲಿನ ಬಟ್ಟೆ ಇನ್ನೆಷ್ಟು ಸಲ ತೆಗೆದು ನೋಡ್ತೀಯ ಕೂಸೇ? ಮೊಲದ ಮರಿ ಎಲ್ಲೂ ಓಡಿಹೋಗಲ್ಲ. ರಾಗಿ ಹೊಲದಲ್ಲಿ ಒಂಟಿಯಾಗಿ ಕೂತಿತ್ತು, ಅದಕ್ಕೆ ಯಾರೂ ಇಲ್ಲ, ನಾನೇ ಸಾಕ್ತೀನಿ ಅಂತ ಸಾಯಂಕಾಲದಿಂದ ಒಂದೇ ಹಟ. ಕಾಡುಪ್ರಾಣಿ ಮನೇಲಿ ಇಟ್ಕೋಬಾರ್ದು ಅಂತ ನಿಮ್ಮಪ್ಪ ಅಂದಿದ್ದಕ್ಕೆ ಅವನ ಮೇಲೆ ಮುನಿಸು ಬೇರೆ. ಇರಲಿ, ನಾನೇನೂ ಬಿಡು ಅನ್ನಲ್ಲ. ಕತೆ ಹೇಳ್ತೀನಿ, ಹೂಂ ಅಂತಿರಬೇಕು. ಹೂಂ ಅನ್ನದಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ ನೋಡು.

ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಒಂದು ಕೋಟೆ ಊರಿತ್ತಂತೆ. ಆ ಊರಲ್ಲಿ ದ್ಯಾವೀರಮ್ಮ ಅಂತ ಒಬ್ಬಳು ಹೆಂಗಸು. ಗಂಡ ಇಲ್ಲ. ಹುಟ್ಟಿದ್ದ ಒಂದೇ ಕೂಸೂ ಹೆಸರಿಡೋಕೆ ಮುಂಚೆ ಹೋಗಿಬಿಟ್ಟಿತ್ತಂತೆ. ಆ ಕೂಸಿನ ತೊಟ್ಟಿಲನ್ನ ಅಟ್ಟದ ಮೇಲೆ ಹಾಕಿ, ಒಂದು ಮೇಕೆ, ನಾಕು ಕೋಳಿ ಸಾಕ್ಕೊಂಡು ಇದ್ದಳಂತೆ. ಒಂದಿನ ಸೌದೆಗೆ ಗುಡ್ಡಕ್ಕೆ ಹೋದಾಗ ಹುಲ್ಲಿನೊಳಗೆ ಜಿಂಕೆ ಮರಿ ಮುದುಡಿ ಮಲಗಿತ್ತಂತೆ, ಸುತ್ತಮುತ್ತ ತಾಯಿ ಇಲ್ಲ. ಅಯ್ಯೋ ನನ್ನ ಹಾಗೇ ಇದಕ್ಕೂ ಯಾರೂ ಇಲ್ವಲ್ಲ ಅಂತ ಸೆರಗಲ್ಲಿ ಸುತ್ತಿ ತಂದು, ಮೇಕೆ ಹಾಲು ಕುಡಿಸಿ, ಚುಕ್ಕಿ ಅಂತ ಹೆಸರಿಟ್ಟಳಂತೆ.

ಎಲ್ಲಿ, ಹೂಂ ಅನ್ನು. ಹಾಂ.

ಮಾರನೇ ಬೆಳಿಗ್ಗೆ ನೋಡು, ತಮಟೆ ಸದ್ದು. ಊರಿನ ತಳವಾರ ಮುದ್ದೀರ ಬೀದಿಬೀದೀಲಿ ನಿಂತು ಸಾರಿದನಂತೆ: ಕೇಳ್ರಪ್ಪೋ, ನಾಯಕರ ಅಪ್ಪಣೆ! ಮನೇಲಿ ಮೇಕೆ, ಕೋಳಿ, ಹಸು ಸಾಕೋರು ಬೀದಿಯೋರ ಒಪ್ಪಿಗೆ ಕೇಳಿ ಸಾಕ್ಕೊಳ್ಳಿ, ಗಲೀಜು ಮಾಡಿದ್ರೆ ನೀವೇ ತೊಳೀರಿ. ಕಾಡಿನ ಜೀವ ಮಾತ್ರ ಕೋಟೆಯೊಳಗೆ ಒಂದೂ ಇರಕೂಡದು! ನಾಯಕ ಕೆಟ್ಟೋನಲ್ಲ ಕಣವ್ವ. ಹೋದ ವರ್ಷ ಯಾರೋ ಕಾಡುಹಂದಿ ಮರಿ ಸಾಕಿದ್ದರಂತೆ. ಅದು ಬೆಳೆದು, ಕಟ್ಟಿದ್ದ ಹಗ್ಗ ಕಿತ್ಕೊಂಡು, ಒಂದು ಮಗುವಿನ ತೊಡೆಗೆ ತಿವಿದುಬಿಡ್ತಂತೆ. ಜನ ಹಂದೀನ ಬಡಿದು ಸಾಯಿಸಿದ್ರಂತೆ. ಮಗುವಿನ ತಾಯೀನೂ ಅತ್ತಳು, ಹಂದಿ ಸಾಕಿದೋಳೂ ಅತ್ತಳು. ಅದಕ್ಕೇ ಈ ಅಪ್ಪಣೆ.

ದ್ಯಾವೀರಮ್ಮ ಅದನ್ನ ಕೇಳಿ ಒಳಗೆ ಓಡಿ ಬಾಗಿಲು ಹಾಕ್ಕೊಂಡಳಂತೆ. ಚುಕ್ಕೀನ ಬಿಡಬೇಕಾ? ಜೀವ ಹೋದ್ರೂ ಬಿಡಲ್ಲ ಅಂದ್ಕೊಂಡು, ಮಡಕೆ ತಳದ ಮಸೀನ ಎಣ್ಣೇಲಿ ಕಲಸಿ, ಮೂತಿಯಿಂದ ಬಾಲದವರೆಗೂ ಮರಿಗೆ ಬಳಿದುಬಿಟ್ಟಳಂತೆ. ಆಮೇಲೆ ಮುದ್ದೀರ ಲೆಕ್ಕ ತಗೊಳ್ಳೋಕೆ ಬಂದ. ಇದೇನಕ್ಕ, ಕರೀ ಮರಿ ಅಂದ. ಮೇಕೆ ಮರಿ ಕಣಪ್ಪ ಅಂದಳು. ಮೇಕೆ ಮರಿಗೆ ಇಷ್ಟುದ್ದ ಕಾಲಾ ಅಂದ. ಅದರಪ್ಪನ ಕಾಲು ನೀನು ನೋಡಿದ್ಯಾ ಅಂದಳು. ಅವನು ತಲೆ ಕೆರ್ಕೊಂಡು ಹೋದನಂತೆ.

ಎರಡನೇ ದಿನ ಮತ್ತೆ ಬಂದ. ಅಕ್ಕ, ಇದು ಮೇಕೆ ಹಾಗೆ ಅರಚೋದೇ ಇಲ್ವಲ್ಲ ಅಂದ. ಇವಳು ಮರೀನ ಮೇಕೆ ಕೆಚ್ಚಲಿಗೆ ಬಿಟ್ಟಳು, ಅದು ಲೊಚಲೊಚ ಅಂತ ಕುಡೀತು. ನೋಡು, ತನ್ನ ಮರಿ ಅಲ್ದಿದ್ರೆ ಯಾವ ಮೇಕೆ ಕುಡಿಸ್ತದೆ ಅಂದಳು. ಮುದ್ದೀರ ಅಷ್ಟು ದಡ್ಡನಲ್ಲ, ಅವನಿಗೆ ಗೊತ್ತಾಗಿತ್ತು. ಆದ್ರೆ ಅವಳ ಮುಖ ನೋಡಿ ಬಾಯಿ ಬರಲಿಲ್ಲ. ಹೋಗುವಾಗ ಮೆಲ್ಲಗೆ, ನಾಳೆ ನಾಯಕರೇ ಬರ್ತಾರೆ ಕಣಕ್ಕ ಅಂದನಂತೆ.

ಮೂರನೇ ದಿನ ಏನು ಮಾಡೋದು? ದ್ಯಾವೀರಮ್ಮ ಅಟ್ಟ ಹತ್ತಿದಳು. ಎಷ್ಟೋ ವರ್ಷದಿಂದ ಮುಟ್ಟದಿದ್ದ ತೊಟ್ಟಿಲನ್ನ ಇಳಿಸಿ, ಧೂಳು ಒರೆಸಿ, ಮರೀನ ಕುಲಾವಿ ಹಾಕಿ ಮಲಗಿಸಿ, ಮೂತಿ ಕಾಣದ ಹಾಗೆ ಹೊದಿಸಿದಳು. ಜೋ ಜೋ ಅಂತ ತೂಗ್ತಾ ತೂಗ್ತಾ, ಸುಳ್ಳಿಗೆ ಹಾಡೋಕೆ ಹೋದೋಳು ನಿಜವಾಗ್ಲೂ ಅತ್ತಳಂತೆ. ಪಕ್ಕದ ಮನೆಯೋಳು ಇಣುಕಿ, ಯಾರದ್ದೇ ಕೂಸು ಅಂದಾಗ, ನನ್ನ ತಂಗಿ ಮಗು, ನಾಕು ದಿನ ಇರೋಕೆ ಬಂದದೆ ಅಂದುಬಿಟ್ಟಳು. ಅಲ್ಲೇ ಎಡವಿದ್ದು ನೋಡು! ಆ ಊರಲ್ಲಿ ಯಾರ ಮನೆಗೆ ಎಳೇ ಕೂಸು ಬಂದ್ರೂ ಎಣ್ಣೆ ಹಚ್ಚಿ ಎರೆಯೋಳು ಹೊನ್ನಜ್ಜಿ. ಕರೀಬೇಕಾಗಿಲ್ಲ, ಕೂಸು ಬಂದದೆ ಅಂತ ಕಿವಿಗೆ ಬಿದ್ರೆ ಸಾಕು.

ಬಂದೇಬಿಟ್ಟಳು, ಎಣ್ಣೆ ಗಿಂಡಿ, ಸೀಗೇಪುಡಿ ಹಿಡ್ಕೊಂಡು. ಬೇಡ ಹೊನ್ನಜ್ಜಿ, ಮಗುಗೆ ನೆಗಡಿ ಅಂದಳು ದ್ಯಾವೀರಮ್ಮ. ನೆಗಡಿಗೆ ಬಿಸಿನೀರೇ ಮದ್ದು, ಅತ್ಲಾಗಿರು ಅಂದಳು ಮುದುಕಿ. ಅಷ್ಟರಲ್ಲಿ ನಾಯಕ, ಮುದ್ದೀರ ಬಾಗಿಲಿಗೆ ಬಂದರು. ಹೊನ್ನಜ್ಜಿ ಒಳಗಿಂದಲೇ, ಕೂಸಿಗೆ ಎರೀತಾ ಇದೀನಿ, ಗಂಡಸರು ಒಳಗೆ ಬರಬೇಡಿ, ಜಗುಲಿ ಮೇಲೆ ಕೂತ್ಕೊಳ್ಳಿ ಅಂತ ಗದರಿದಳಂತೆ. ನಾಯಕ ಆದ್ರೇನು, ಅವನಿಗೂ ಎರೆದಿದ್ದು ಅವಳೇ ಅಲ್ವಾ? ಸುಮ್ಮನೆ ಕೂತನಂತೆ.

ಹೊನ್ನಜ್ಜಿಗೆ ಕಣ್ಣು ಮಂಜು. ಕಾಲು ನೀಡಿ ಕೂತು, ಕೂಸನ್ನ ಕಾಲ ಮೇಲೆ ಹಾಕ್ಕೊಂಡು, ಎಣ್ಣೆ ತೀಡಿ, ಸೀಗೇಪುಡಿ ಹಚ್ಚಿ ನೀರು ಹುಯ್ದಳು. ಮೊದಲ ಚೆಂಬಿಗೆ ಕರೀ ನೀರು ಹರೀತು. ಎರಡನೇ ಚೆಂಬಿಗೆ ಕಂದು ಮೈ ಕಾಣಿಸ್ತು. ಮೂರನೇ ಚೆಂಬಿಗೆ ಬೆನ್ನ ತುಂಬ ಬಿಳೀ ಚುಕ್ಕಿ! ದ್ಯಾವೀರಮ್ಮ ಕಂಬ ಹಿಡ್ಕೊಂಡು ನಿಂತಳು. ಕೈಗೆ ಗೊರಸು ಸಿಕ್ಕಿದ್ರೂ ಹೊನ್ನಜ್ಜಿ ಕೂಗಲಿಲ್ಲ, ಬಯ್ಯಲಿಲ್ಲ. ಮಗುಗೆ ಮಾಡಿದ ಹಾಗೇ ಒರೆಸಿ, ಧೂಪ ಹಿಡಿದು, ಬಟ್ಟೇಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡು ಕಾದಳಂತೆ.

ಏನಕ್ಕೆ ಕಾದಳು ಅಂತೀಯಾ? ನಿದ್ದೆಗೆ ಕಣೇ.

ಆಮೇಲೆ ಅಂದಳಂತೆ: ದ್ಯಾವೀರಿ, ಈ ಊರಲ್ಲಿ ನಾನು ಎರೆದ ಮೇಲೆ ಮಲಗದ ಕೂಸು ಒಂದೂ ಇಲ್ಲ. ಇದರ ಎದೆ ಮೇಲೆ ಕೈ ಇಟ್ಟು ನೋಡವ್ವ. ಇಷ್ಟೊತ್ತಾದ್ರೂ ಡವಡವ ನಿಂತಿಲ್ಲ. ಕಿವಿ ನೋಡು, ಎರಡೂ ಗುಡ್ಡದ ಕಡೆಗೆ.

ಆಗ ಗುಡ್ಡದ ಕಡೆಯಿಂದ ಒಂದು ಕೂಗು ಕೇಳಿಸ್ತು. ಮೂರು ಸಾಯಂಕಾಲದಿಂದಲೂ ಅದೇ ಕೂಗು, ಯಾವುದೋ ಹಕ್ಕಿ ಅಂದ್ಕೊಂಡಿದ್ದಳು ದ್ಯಾವೀರಮ್ಮ. ಈಗ ಮರಿ ಮಡಿಲಲ್ಲೇ ತಲೆ ಎತ್ತಿ ಸಣ್ಣದಾಗಿ ಕೂಗ್ತು. ಹೊನ್ನಜ್ಜಿ ಅಂದಳು, ಮೇಯೋಕೆ ಹೋಗೋ ಜಿಂಕೆ ಮರೀನ ಹುಲ್ಲಲ್ಲಿ ಬಚ್ಚಿಟ್ಟು ಹೋಗ್ತದೆ ಕಣವ್ವ. ಯಾರೂ ಇಲ್ಲ ಅಂತಲ್ಲ, ತಾಯಿ ಬರೋದು ತಡ ಆಗಿತ್ತು ಅಷ್ಟೇ.

ಕೂಸನ್ನ ಕಳ್ಕೊಂಡು ಮನೆಬಾಗಿಲಲ್ಲಿ ನಿಂತು ತಾನು ಹೇಗೆ ಅತ್ತಿದ್ದೆ ಅಂತ ದ್ಯಾವೀರಮ್ಮನಿಗೆ ನೆನಪಿಲ್ವಾ? ಅಯ್ಯೋ, ಅದೇ ನೋವನ್ನ ಇನ್ನೊಂದು ತಾಯಿಗೆ ಕೊಟ್ಟೆನಲ್ಲ ಅಂತ, ಮರೀನ ಎತ್ಕೊಂಡು ತಾನೇ ಜಗುಲಿಗೆ ಬಂದು, ತಪ್ಪಾಯ್ತು ಬುದ್ಧಿ ಅಂದಳಂತೆ. ನಾಯಕ ಏನಂದ ಗೊತ್ತಾ? ಮರಿ ತಲೆ ಒದ್ದೆ ಇದೆ, ಗಾಳಿ ತಾಗೀತು, ಚೆನ್ನಾಗಿ ಮುಚ್ಕೊಂಡು ಗುಡ್ಡಕ್ಕೆ ನಡಿಯಮ್ಮ ಅಂದ.

ಗುಡ್ಡದ ಬುಡದಲ್ಲಿ ಮರೀನ ಇಳಿಸಿದಳು, ಅದು ಅವಳ ಹಿಂದೇ ಬಂತು. ಮತ್ತೆ ಬಿಟ್ಟಳು, ಮತ್ತೆ ಬಂತು. ಜೊತೇಲಿ ಬಂದಿದ್ದ ಹೊನ್ನಜ್ಜಿ, ನೀನು ತಿರುಗಿ ತಿರುಗಿ ನೋಡಿದ್ರೆ ಅದು ಹೇಗೆ ಹೋಗ್ತದೆ, ನೋಡ್ದೆ ನಡಿ ಅಂದಳು. ಮೂರನೇ ಸಲ ಬಿಟ್ಟು, ಹಲ್ಲು ಕಚ್ಕೊಂಡು ಕೆರೆ ಏರಿ ತನಕ ನಡೆದು, ಅಲ್ಲಿಂದ ನೋಡಿದಳಂತೆ. ತಾಯಿ ಬಂದಿತ್ತು. ಸೀಗೆ ವಾಸನೆಗೆ ಹಿಂದೆ ಸರೀತು. ಮತ್ತೆ ಹತ್ತಿರ ಬಂದು ಮೂಸ್ತು. ಆಮೇಲೆ ನೆತ್ತಿಯಿಂದ ನೆಕ್ಕೋಕೆ ಶುರುಮಾಡ್ತಂತೆ. ಮರಿ ಅಲ್ಲೇ ಹುಲ್ಲಲ್ಲಿ ಕಾಲು ಮಡಚಿ ಮಲಗಿತಂತೆ. ಈಗ ನಿದ್ದೆ ಬಂತು ಅಂತ ಇವಳು ನಕ್ಕಳು, ಅತ್ತಳು.

ವಾಪಸ್ ಬಂದಾಗ ನಾಯಕ ಬೀದಿಯೋರನ್ನ ಸೇರಿಸಿ, ಇವಳ ಮೇಕೆ, ಕೋಳಿ ಇರಬಹುದೇನ್ರಪ್ಪ ಅಂತ ಕೇಳಿದನಂತೆ. ಇರ್ಲಿ ಬುದ್ಧಿ, ಬೆಳಿಗ್ಗೆ ನಮ್ಮನ್ನ ಎಬ್ಬಿಸೋದೇ ಆ ಕೋಳಿ ಅಂದ್ರು ಎಲ್ಲಾರೂ. ಹೊನ್ನಜ್ಜಿ ಮಾತ್ರ ಎಣ್ಣೆ ಗಿಂಡಿ ತಂದು ದ್ಯಾವೀರಮ್ಮನ ಕೈಗೆ ಕೊಟ್ಟು, ನನ್ನ ಕಣ್ಣು ಜಿಂಕೆ ಯಾವುದು ಮಗು ಯಾವುದು ಹೇಳದ ಹಾಗಾಗಿದೆ, ನಾಳೆಯಿಂದ ಈ ಊರ ಕೂಸುಗಳಿಗೆ ನೀನೇ ಎರಿ ಅಂದಳಂತೆ. ಆಮೇಲೆ ಆ ತೊಟ್ಟಿಲು ಅಟ್ಟ ಹತ್ತಲೇ ಇಲ್ಲ. ದಿನಾ ಒಂದೊಂದು ಮನೆ ಕೂಸು ಎರೆಸ್ಕೊಂಡು ಅದರಲ್ಲಿ ಮಲಗ್ತಿತ್ತಂತೆ.

ಅವರು ಅಲ್ಲಿ ಸುಖವಾಗಿದ್ದರು, ನನ್ನ ಕತೆ ಇಲ್ಲಿಗೆ ಮುಗೀತು.

ಏನೇ, ಹೂಂ ಅನ್ನೋದು ಯಾವಾಗ ನಿಲ್ಲಿಸಿದೆ? ಮಲಗಿಬಿಟ್ಯಾ? ಏನು, ಏನಂದೆ?... ಮೊಲ ಮಲಗ್ತಾ ಅಂತ ಕೇಳ್ತೀಯಾ? ಇರು, ಬಟ್ಟೆ ಸರಿಸಿ ನೋಡ್ತೀನಿ. ಇಲ್ಲ ಕಣವ್ವ. ಕಣ್ಣು ಬಿಟ್ಕೊಂಡು, ಕಿವಿ ನೆಟ್ಟಗೆ ಮಾಡ್ಕೊಂಡು ಕೂತದೆ. ಏನು, ಅದರಮ್ಮನ ಹತ್ರ ಬಿಟ್ಟುಬರೋಣ ಅಂತೀಯಾ? ಹೂಂ, ಆಯ್ತು, ನೀನು ಹೇಳಿದ ಹಾಗೇ ಆಗ್ಲಿ. ಬೆಳಕು ಹರಿದ ಕೂಡಲೇ ಎಬ್ಬಿಸ್ತೀನಿ, ಆ ರಾಗಿ ಸಾಲು ಎಲ್ಲಿತ್ತು ಅಂತ ನೀನೇ ತೋರಿಸುವಂತೆ. ಈಗ ಮಲಕ್ಕೋ ನನ್ನ ತಾಯಿ.