ಪಲ್ಲವಿ ಇಲ್ಲದ ಬಿಸಿಲ ಹಾಡು

ಹೊಳೆದಂಡೆಯ ಮಠದಲ್ಲಿ ಮಡಿವಾಳಜ್ಜ ತತ್ವಪದ ಕಲಿಸುತ್ತಿದ್ದರು. ಅವರ ಶಿಷ್ಯ ಈರಭದ್ರನ ಕಂಠ ಚೆನ್ನಾಗಿತ್ತು, ತಾಳ್ಮೆ ಮಾತ್ರ ಅಷ್ಟಕ್ಕಷ್ಟೆ.

ಅವನನ್ನು ಸಾಕಿ ಬೆಳೆಸಿದವಳು ಅಕ್ಕ ಶಂಕ್ರವ್ವ. ಮಠದ ಹಿಂದಿನ ಇಟ್ಟಿಗೆ ಭಟ್ಟಿಯಲ್ಲಿ ಅವಳ ದುಡಿಮೆ. ಹೋದ ಬೇಸಿಗೆಯಲ್ಲಿ ನಡುಮಧ್ಯಾಹ್ನ ಹಸಿ ಇಟ್ಟಿಗೆ ಮಗುಚುತ್ತಿದ್ದಾಗ ಕುಸಿದು ಬಿದ್ದು, ಹೇಗೋ ಉಳಿದುಕೊಂಡಿದ್ದಳು. ಈ ವರ್ಷದ ಬಿಸಿಲು ಅದಕ್ಕಿಂತ ಜೋರು.

"ನಸುಕಿನ್ಯಾಗ ಕೆಲಸ ಹಿಡಿ, ಮಧ್ಯಾಹ್ನ ನೆರಳಾಗ ಕೂಡು ಅಂದ್ರ ನಗತಾಳ್ರೀ ಅಜ್ಜಾರ," ಎಂದ ಈರಭದ್ರ. "ಬಿಸಿಲೇನು ನನಗ ಹೊಸದಾ ಅಂತಾಳ. ಅದಕ್ಕ ಒಂದು ಹಾಡು ಕಟ್ಟೀನಿ. ಇವತ್ತ ಸಂಜೀಕ ಭಟ್ಟಿಯವರ ಮುಂದ ಹಾಡ್ತೀನಿ."

ಹಾಡಿ ತೋರಿಸಿದ. ಅದರಲ್ಲಿ ಸೂರ್ಯ ಕೆಂಡ ಕಾರಿದ, ಭೂಮಿ ಬಾಯಿ ಬಿಟ್ಟಿತು, ಕಡಲು ಕುದಿಯಿತು.

"ಕಡಲು ನೋಡೀಯೇನು?" ಕೇಳಿದರು ಅಜ್ಜ.

"ಇಲ್ರೀ."

"ಇರಲಿ. ಪಲ್ಲವಿ ಎಲ್ಲೈತಿ?"

ಮಠದ ಭಜನೆಯಲ್ಲಿ ಪಲ್ಲವಿ ಕೇಳುವವರ ಪಾಲು. ಹಾಡುವವನು ಒಮ್ಮೆ ಅಂದರೆ ಕೂತವರೆಲ್ಲ ಅದನ್ನೇ ತಿರುಗಿ ಅನ್ನಬೇಕು. ಅಕ್ಕನನ್ನು ಹೆದರಿಸುವ ಭರದಲ್ಲಿ ಈರಭದ್ರ ಅದನ್ನೇ ಮರೆತಿದ್ದ.

"ಈಗೇ ಕಟ್ತೀನ್ರೀ."

"ಈ ತಂಪಿನಾಗ ಸಿಗೂದಿಲ್ಲ ತಮ್ಮಾ. ಹೋಗು, ಅಕ್ಕನ ಸಂಗಾಟ ಇಟ್ಟಂಗಿ ಮಗಚು."

ಹಾಗೆಂದು ಅಜ್ಜ ತಮ್ಮ ಹೆಗಲ ಮೇಲಿನ ಪಾವುಡವನ್ನೇ ನೀರಲ್ಲಿ ಅದ್ದಿ, ಅವನ ತಲೆಗೆ ಸುತ್ತಿ ಕಳಿಸಿದರು.

ಈರಭದ್ರ ಹಿಂತಿರುಗಿದಾಗ ಮುಖ ಕಂದಿತ್ತು.

"ಪಲ್ಲವಿ ಸಿಕ್ತೇನು?"

"ಎಲ್ಲೀದ್ರೀ. ಒಂದು ಸಾಲು ಇಟ್ಟಂಗಿ ಮುಗಿಯೂದ್ರಾಗ ಕಣ್ಣಿಗೆ ಕತ್ತಲಿ ಬಂತು. ಅಕ್ಕ ಎಳಕೊಂಡು ಹೋಗಿ ಬೇವಿನ ಗಿಡದ ಕೆಳಗ ಕೂಡಿಸಿದಳು. ನೀರು ಕುಡಿಸಿ, ಬೈದು ಕಳಿಸಿದಳು."

"ಏನಂತ ಬೈದಳು?"

"'ಸಾಕು, ನೆರಳಿಗೆ ಬಾರೋ ನನ್ನಪ್ಪಾ. ಇಟ್ಟಂಗಿ ನಾಳೀಗೂ ಇರ್ತಾವ, ನೀ ಇರಬೇಕಲ್ಲೋ' ಅಂದಳು."

ಅಜ್ಜ ಗೋಡೆಗೆ ಆನಿಸಿದ್ದ ಏಕತಾರಿಯನ್ನು ಎತ್ತಿಕೊಂಡು ತಂತಿ ಮೀಟಿದರು.

"ಇನ್ನೊಮ್ಮೆ ಅನ್ನು."

ಸಂಜೆ ಭಟ್ಟಿಯವರೆಲ್ಲ ಮಠದ ಅಂಗಳದಲ್ಲಿ ಸೇರಿದರು. ಈರಭದ್ರ ಕಡಲನ್ನೂ ಕೆಂಡವನ್ನೂ ಕೈಬಿಟ್ಟಿದ್ದ. ಅಕ್ಕನ ಮಾತನ್ನು ಅವಳು ಅಂದ ಹಾಗೆಯೇ ಪಲ್ಲವಿ ಮಾಡಿ ಹಾಡಿದ.

ಜನ ತಿರುಗಿ ಅಂದರು. ಗಂಡ ಹೆಂಡತಿಯ ಕಡೆ ನೋಡಿ ಅಂದ, ತಾಯಿ ಮಗನ ಕಡೆ ನೋಡಿ ಅಂದಳು. ಶಂಕ್ರವ್ವನೂ ಅನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಎಲ್ಲರೂ ಅವಳ ಕಡೆ ತಿರುಗಿದರು. ತನ್ನ ಕಡೆ ನೋಡಿ ಅಷ್ಟೂ ಜನ ಅದನ್ನೇ ಅನ್ನುತ್ತಿದ್ದುದು ಅವಳಿಗೆ ಕಂಡಿತು. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟಳು.

ರಾತ್ರಿಯೆಲ್ಲ ಈರಭದ್ರನಿಗೆ ಒಂದೇ ಚಿಂತೆ. ಅತ್ತವಳು ನಾಳೆ ಮತ್ತೆ ನಗುತ್ತ ಬಿಸಿಲಿಗೆ ಇಳಿದರೆ?

ಮರುದಿನ ಮಧ್ಯಾಹ್ನ ಏಕತಾರಿ ಹಿಡಿದು ಭಟ್ಟಿಗೆ ಓಡಿದ. ಅಜ್ಜ ಹಿಂದಿನಿಂದ ನಿಧಾನವಾಗಿ ಬಂದರು.

ಬಿಸಿಲಲ್ಲಿ ಇಟ್ಟಿಗೆಗಳಷ್ಟೇ ಒಣಗುತ್ತಿದ್ದವು. ಜನರೆಲ್ಲ ಬೇವಿನ ಮರದ ಕೆಳಗಿದ್ದರು.

ಈರಭದ್ರನಿಗೆ ಖುಷಿ ತಡೆಯಲಾಗಲಿಲ್ಲ. ಉಳಿದ ನುಡಿಗಳನ್ನೂ ಹಾಡಿಬಿಡೋಣವೆಂದು ಬೆರಳನ್ನು ತಂತಿಗೆ ತಂದ.

ಅಜ್ಜ ಆ ತಂತಿಯ ಮೇಲೆ ಅಂಗೈ ಇಟ್ಟರು.

"ಮೆಲ್ಲಕ ತಮ್ಮಾ. ನಿಮ್ಮಕ್ಕ ಮಲಗ್ಯಾಳ."