ಹೆಬ್ಬೆರಳು

ಹೊಳೆ ದಡದಲ್ಲಿ ಒಬ್ಬ ಗುರು ಇದ್ದರು. ಗಡ್ಡವಿಲ್ಲ, ಕಾವಿಯಿಲ್ಲ. ಮೂವತ್ತು ವರ್ಷ ಯುದ್ಧವಿಮಾನ ಹಾರಿಸುವುದನ್ನು ಕಲಿಸಿ ಬಂದವರು. ಹೆಸರು ಮಾದಪ್ಪ. ಒಂದು ಕೋಣೆ, ಅದರಲ್ಲೊಂದು ಕಂಪ್ಯೂಟರ್, ವಿಮಾನ ನಡೆಸುವ ಕೋಲಿನಂತೆ ಕೈಗೆ ಸಿಗುವ ಒಂದು ಜಾಯ್‌ಸ್ಟಿಕ್. ಆಶ್ರಮ ಎಂದರೆ ಅಷ್ಟೇ.

ಒಂದು ಬೆಳಿಗ್ಗೆ ಹೈಮವತಿ ಬಂದಳು.

"ನಾನು ಅಚ್ಯುತನ ತಂಗಿ, ಸರ್."

ಮಾದಪ್ಪ ಕುರ್ಚಿ ಎಳೆದು ಕೊಟ್ಟರು. ಅಚ್ಯುತ ಅವರ ಶಿಷ್ಯ. ಆರು ವರ್ಷದ ಹಿಂದೆ ಅಭ್ಯಾಸದ ಹಾರಾಟದಲ್ಲಿ ನೆಲದ ಗುರಿಯ ಮೇಲೆ ವಿಮಾನವನ್ನು ಎರಗಿಸಿದವನು ಮತ್ತೆ ಮೇಲೇಳಲಿಲ್ಲ.

"ಏನು ಬೇಕಮ್ಮ?"

"ಅವನ ಕೊನೆಯ ಹಾರಾಟ ಕಲಿಸಿಕೊಡಿ."

"ಕಲಿತು?"

"ಸುಟ್ಟು ಉಳಿದದ್ದರಲ್ಲಿ ಒಂದೇ ದಾಖಲೆ ಸಿಕ್ಕಿತಂತೆ. ಕೊನೆಯ ಮೂರು ಸೆಕೆಂಡೂ ಟ್ರಿಮ್ ಗುಂಡಿ ಒತ್ತಿ ವಿಮಾನದ ಮೂತೀನ ಕೆಳಕ್ಕೇ ಇಳಿಸಿದ್ದಾನೆ ಅಂತ. ಬೇಕು ಅಂತಲೇ ಮಾಡಿಕೊಂಡ ಅಂತ ಜನ ಆಡಿಕೊಂಡರು. ಅಮ್ಮನೂ ನಂಬಿಬಿಟ್ಟಳು. ತಿಥಿ ದಿನ ಅವನಿಗೆ ಎಡೆ ಇಡೋದಿಲ್ಲ. ನಮ್ಮನ್ನ ಬೇಡ ಅಂತ ಹೋದವನಿಗೆ ಯಾವ ಎಡೆ ಅಂತಾಳೆ."

"ನೀನು ನಂಬಿದ್ದೀಯಾ?"

"ಗೊತ್ತಿಲ್ಲ ಸರ್. ಅದಕ್ಕೇ ಬಂದೆ."

ಮಾದಪ್ಪನವರಿಗೂ ಗೊತ್ತಿರಲಿಲ್ಲ. ಆರು ವರ್ಷದಿಂದ ಅವರೂ ಅದನ್ನೇ ಯೋಚಿಸುತ್ತಿದ್ದರು. ಗುರುಗಳಿಗೆ ಎಲ್ಲ ಗೊತ್ತಿರುತ್ತದೆ ಎಂದು ನಂಬುವವರು ಗುರುಗಳನ್ನು ಹತ್ತಿರದಿಂದ ನೋಡಿದವರಲ್ಲ.

ಕಲಿಕೆ ಶುರುವಾಯಿತು. ಪರದೆಯ ಮೇಲಿನ ವಿಮಾನದ ಮೂತಿ ಸದಾ ಕೆಳಕ್ಕೆ ಜಗ್ಗುತ್ತಿತ್ತು. ಅದನ್ನು ನೆಟ್ಟಗಿಡಲು ಹೈಮವತಿ ಕೋಲನ್ನು ತನ್ನ ಕಡೆಗೆ ಎಳೆದೇ ಹಿಡಿದಿರಬೇಕಿತ್ತು. ಮೂರನೆಯ ದಿನಕ್ಕೆ ಮಣಿಕಟ್ಟು ಊದಿಕೊಂಡಿತು.

"ಸರ್, ಟ್ರಿಮ್ ಜೋಡಿಸಿಕೊಡಿ. ಒಂದು ಗುಂಡಿ ಒತ್ತಿದರೆ ಮೂತಿ ತಾನಾಗಿ ಸರಿಹೋಗುತ್ತೆ, ಕೈ ಹಗುರವಾಗುತ್ತೆ."

"ಭಾರ ಅಂದ್ರೆ ಏನು ಅಂತ ಮೊದಲು ಕೈಗೆ ಗೊತ್ತಾಗಲಿ."

"ಗೊತ್ತಾಯ್ತು ಸರ್. ರಾತ್ರಿ ಅನ್ನ ಕಲಸೋಕೂ ಆಗಲಿಲ್ಲ."

ಮಾದಪ್ಪ ನಕ್ಕರು. "ಸರಿ, ನೀನೇ ಜೋಡಿಸಿಕೋ."

ಜಾಯ್‌ಸ್ಟಿಕ್‌ನ ತಲೆಯ ಮೇಲೆ, ಹೆಬ್ಬೆರಳಿಗೆ ಸಿಗುವಂತೆ, ನಾಲ್ಕೂ ಕಡೆಗೆ ಒತ್ತಬಹುದಾದ ಒಂದು ಗುಂಡಿ. ಪರದೆಯ ಮೇಲೆ ಎರಡು ಸಾಲು: ಮೂತಿ ಮೇಲಕ್ಕೆ, ಮೂತಿ ಕೆಳಕ್ಕೆ. ಮೊದಲ ಸಾಲಿಗೆ ಹೈಮವತಿ ಗುಂಡಿಯನ್ನು ಮುಂದಕ್ಕೆ ಒತ್ತಿದಳು. ಎರಡನೆಯದಕ್ಕೆ ತನ್ನ ಕಡೆಗೆ ಎಳೆದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮಾದಪ್ಪ ಕಾಫಿ ಲೋಟ ಕೆಳಗಿಟ್ಟರು.

"ಹೀಗೆ ಜೋಡಿಸೋದು ಯಾರು ಹೇಳಿಕೊಟ್ಟರು?"

"ಇದಕ್ಕೆ ಹೇಳಿಕೊಡೋದೇನಿದೆ ಸರ್? ಮುಂದಕ್ಕೆ ಅಂದ್ರೆ ಮೇಲಕ್ಕೆ, ಗುಂಡಿ ಮೇಲಕ್ಕೆ ಅಂದ್ರೆ ಮೂತಿ ಮೇಲಕ್ಕೆ. ಮನೆಯಲ್ಲಿ ಅಣ್ಣ ವಿಮಾನದ ಆಟ ಆಡೋ ಜಾಯ್‌ಸ್ಟಿಕ್‌ಗೂ ನಾನೇ ಹೀಗೆ ಜೋಡಿಸಿಕೊಟ್ಟಿದ್ದು. ಇಂಥದ್ದಕ್ಕೆಲ್ಲ ಅವನು ಮಹಾ ಸೋಮಾರಿ. ಆಗ ನಾನು ಒಂಬತ್ತನೇ ಕ್ಲಾಸು. ಆಮೇಲೆ ಐದು ವರ್ಷ ಅದರಲ್ಲೇ ಹಾರಿಸಿದ."

ಬಂದ ಮೇಲೆ ಅವಳು ಇಷ್ಟು ಖುಷಿಯಿಂದ ಮಾತಾಡಿದ್ದು ಅದೇ ಮೊದಲು.

ಮಾದಪ್ಪ ಎದ್ದು ಬಾಗಿಲಿಗೆ ಹೋದರು. ಅವರಿಗೆ ಹೆದರಿಕೆಯಾಗಿತ್ತು.

"ಇಲ್ಲಿಗೆ ಸಾಕು. ಮನೆಗೆ ಹೋಗು ಹೈಮಾ."

"ಯಾಕೆ ಸರ್?"

"ಕೇಳಬೇಡ."

"ಅಮ್ಮನಿಗೆ ಎಪ್ಪತ್ತಾಯ್ತು. ಹೀಗೇ ನಂಬಿಕೊಂಡು ಸಾಯ್ತಾಳೆ ಸರ್. ನಿಮಗೆ ಏನೋ ಗೊತ್ತಾಗಿದೆ."

"ಗೊತ್ತಾದರೆ ನೀನು ತಡೆಯಲಾರೆ."

"ಗೊತ್ತಿಲ್ಲದೆ ಆರು ವರ್ಷ ತಡೆದಿದ್ದೀನಿ."

ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಮಾದಪ್ಪ ವಾಪಸ್ಸು ಬಂದು, ಅವಳು ಜೋಡಿಸಿದ್ದನ್ನು ಅಳಿಸಿ, ಎರಡೂ ಸಾಲನ್ನು ಅದಲುಬದಲು ಮಾಡಿದರು.

"ನಿಜವಾದ ವಿಮಾನದಲ್ಲಿ ಹೀಗೆ. ಕೋಲನ್ನ ಮುಂದಕ್ಕೆ ತಳ್ಳಿದರೆ ಮೂತಿ ಕೆಳಕ್ಕೆ ಹೋಗುತ್ತಲ್ಲ, ಗುಂಡೀನೂ ಹಾಗೇ. ಮುಂದಕ್ಕೆ ಒತ್ತಿದರೆ ಕೆಳಕ್ಕೆ. ನಿನ್ನ ಕಡೆಗೆ ಎಳೆದರೆ ಮೇಲಕ್ಕೆ. ನೆನಪಿರುತ್ತಾ?"

"ಇರುತ್ತೆ ಸರ್."

ನೆಟ್ಟಗೆ ಹಾರುತ್ತಾ ಹತ್ತು ಸಲ ಮಾಡಿಸಿದರು. ಹತ್ತು ಸಲವೂ ತಪ್ಪಲಿಲ್ಲ.

"ಈಗ ಎರಗಿಸು."

ಹೈಮವತಿ ಮೂತಿ ಇಳಿಸಿದಳು. ಹೊಲಗಳು ದೊಡ್ಡವಾದವು. ಒಂದು ಮರ ಕಾಣಿಸಿತು, ಮರದ ನೆರಳೂ ಕಾಣಿಸಿತು. ಕೋಲು ಎಳೆದಳು, ಸಾಲಲಿಲ್ಲ.

"ಎತ್ತು!" ಮಾದಪ್ಪ ಅವಳ ಕಿವಿಯ ಹತ್ತಿರ ಕೂಗಿದರು. "ಎತ್ತು, ಎತ್ತು, ಎತ್ತು!"

ಪರದೆ ಕಪ್ಪಾಯಿತು.

"ಕೈ ತೆಗೀಬೇಡ," ಎಂದರು ಮಾದಪ್ಪ. "ಹೆಬ್ಬೆರಳು ನೋಡು."

ಹೆಬ್ಬೆರಳು ಇನ್ನೂ ಗುಂಡಿಯನ್ನು ಒತ್ತಿಕೊಂಡೇ ಇತ್ತು, ಮುಂದಕ್ಕೆ. ಉಗುರು ಬೆಳ್ಳಗಾಗಿತ್ತು.

ಹೈಮವತಿ ಅದನ್ನೇ ನೋಡುತ್ತಾ ಕುಳಿತಳು. ಅಣ್ಣನೂ ಮೂತಿ ಎತ್ತಲೆಂದೇ ಒತ್ತಿದ್ದ, ಸಾಯಲು ಹೋಗಿರಲಿಲ್ಲ. ಅದು ಗೊತ್ತಾದ ಕ್ಷಣವೇ ಇನ್ನೊಂದೂ ಗೊತ್ತಾಯಿತು.

"ಜೋಡಿಸಿಕೊಟ್ಟವಳು ನಾನು, ಸರ್."

ಮಾದಪ್ಪ ಅವಳ ಬೆರಳನ್ನು ಮೆಲ್ಲಗೆ ಗುಂಡಿಯಿಂದ ಬಿಡಿಸಿದರು.

"ನನ್ನ ಹತ್ತಿರ ಬಂದ ಮೊದಲ ವಾರ ಅವನು ಒಂದೇ ಒಂದು ಸಲ ಹೀಗೆ ಒತ್ತಿದ್ದ. ಮೂತಿ ಬಿತ್ತು. ನಾನು ಬೈದೆ. ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಕಲಿತ ಅಂದುಕೊಂಡೆ. ಕಲಿತಿದ್ದು ತಲೆ. ಬೆರಳು ಇದನ್ನ ಎಲ್ಲಿಂದ ತಂದಿತು ಅಂತ ನಾನು ಕೇಳಲೇ ಇಲ್ಲ."

"ನೀವು ಕೇಳಲಿಲ್ಲ ಅಂದರೆ ನಾನು ಮಾಡಿದ್ದು ಅಳಿಸಿಹೋಗುತ್ತಾ?"

"ಇಲ್ಲ."

ಆಚೆ ಯಾರೋ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಡಿಯುವ ಸದ್ದು ಬರುತ್ತಿತ್ತು. ಹೈಮವತಿ ಅತ್ತಳು. ಮಾದಪ್ಪ ಅವಳ ಪಕ್ಕದಲ್ಲೇ ಕುಳಿತರು.

ಕೊನೆಗೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಮ್ಮನಿಗೆ ಏನಂತ ಹೇಳಲಿ ಸರ್?"

"ಎಡೆ ಇಡೋಕೆ ಹೇಳು. ಮನೆಗೆ ಬರಬೇಕು ಅಂತಲೇ ಒತ್ತಿದ ಅಂತ ಹೇಳು. ಯಾರ ತಪ್ಪು ಅಂತ ಕೇಳಿದರೆ, ಅವನ ಬೆರಳು ನೋಡದೇ ಇದ್ದವನೊಬ್ಬ ಹೊಳೆ ದಡದಲ್ಲಿ ಇನ್ನೂ ಬದುಕಿದ್ದಾನೆ ಅಂತ ಹೇಳು."